ಬೀಗರ ಮಾತಿಗೆ ಕೊಂಡ ವಿಮೆ

ಅಮೆರಿಕದ ಮೆಡಿಕೇರ್ ಎಂಬ ಸರ್ಕಾರಿ ವಿಮೆಗೆ ಗಂಡಹೆಂಡಿರ ಸಂಬಂಧ ಗೊತ್ತಿಲ್ಲ. ದುಡಿಯುವ ಕಾಲದಲ್ಲಿ ಕಂಪನಿಯ ವಿಮೆಯೊಳಗೆ ನೌಕರನ ಹೆಸರಿನ ಕೆಳಗೆ ಹೆಂಡತಿ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಒಬ್ಬನ ಸಹಿ ಮನೆಮಂದಿಯನ್ನೆಲ್ಲ ಕಾಯುತ್ತದೆ. ಅರವತ್ತೈದು ದಾಟಿದ ಮೇಲೆ ಹಾಗಿಲ್ಲ. ಅವರವರ ಕಾರ್ಡು, ಅವರವರ ಆಯ್ಕೆ, ಅವರವರ ಸಹಿ. ಒಂದೇ ಒಲೆಯ ಅನ್ನ ಉಂಡು ಬದುಕಿದ ಇಬ್ಬರು ಈ ಬಾಗಿಲಿನಲ್ಲಿ ಒಬ್ಬೊಬ್ಬರಾಗಿಯೇ ಒಳಗೆ ಹೋಗಬೇಕು. ನಾನು ಒಂದು ದಾರಿಯಲ್ಲಿ ಹೋದೆ, ನನ್ನ ಹೆಂಡತಿ ಇನ್ನೊಂದರಲ್ಲಿ ಹೋದಳು. ನಿವೃತ್ತರಾಗುವ ನಮ್ಮವರು ಯಾರಾದರೂ ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಮಾಧಾನಕ್ಕಾಗಿ ಓದುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ನನ್ನ ಉದ್ಯೋಗ ಟೆಕ್ಸಸ್‌ನ ಡಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ, ದೂರವಾಣಿ ಉಪಕರಣಗಳನ್ನು ಮಾಡುವ ಒಂದು ಕಂಪನಿಯ ಪರೀಕ್ಷಾ ವಿಭಾಗದಲ್ಲಿತ್ತು. ಹುಬ್ಬಳ್ಳಿಯಲ್ಲಿ ಕಾಲೇಜನ್ನು ಅರ್ಧಕ್ಕೆ ಬಿಟ್ಟು ರೇಡಿಯೊ ರಿಪೇರಿ ಮಾಡುತ್ತಿದ್ದವನು ನಾನು; ನಡುವಯಸ್ಸಿನಲ್ಲಿ ಈ ದೇಶಕ್ಕೆ ಬಂದೆ. ಕಲಿತದ್ದೆಲ್ಲ ಯಂತ್ರಗಳ ಜೊತೆ ಡಬ್ಬಿಯಲ್ಲಿ ಬರುವ ಕೈಪಿಡಿಗಳಿಂದ. ಹಾಗೆ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಯಾರು ಏನೇ ಹೇಳಲಿ, ಅದು ಯಾವ ಪುಟದಲ್ಲಿದೆ ಎಂದು ಕೇಳುವುದು. ಕನ್ನಡದವರ ಕೂಟಗಳಲ್ಲಿ ಈ ಚಟದಿಂದ ನನಗೆ ಹೆಚ್ಚು ಗೆಳೆಯರಾಗಲಿಲ್ಲ. ನನ್ನ ಹೆಂಡತಿಗೆ ಮಾತ್ರ ಎಲ್ಲರೂ ಬೇಕಾದವರೇ. ಅವಳು ನನಗಿಂತ ಮೂರು ವರ್ಷ ಚಿಕ್ಕವಳು. ನನ್ನ ಕಂಪನಿಯ ವಿಮೆಯೇ ಅವಳಿಗೂ ಆಧಾರವಾಗಿದ್ದುದರಿಂದ, ಅವಳಿಗೆ ಅರವತ್ತೈದು ತುಂಬುವ ತನಕ ನಾನು ಕೆಲಸ ಬಿಡಲಿಲ್ಲ. ಆ ತಿಂಗಳು ಬಂದಾಗ ನಿವೃತ್ತನಾದೆ, ಇಬ್ಬರೂ ಒಟ್ಟಿಗೆ ಮೆಡಿಕೇರ್ ಸೇರಿದೆವು.

ಆ ದಿನಗಳಲ್ಲಿ ಕ್ಯಾರಲ್ಟನ್‌ನ ನಮ್ಮ ಮನೆಯ ಅಂಚೆಪೆಟ್ಟಿಗೆ ಜಾಹೀರಾತುಗಳಿಂದ ಬಿರಿಯುತ್ತಿತ್ತು. ಹಲ್ಲು ಬಿಳುಪಾದ ವೃದ್ಧರು ಟೆನಿಸ್ ಆಡುವ ಚಿತ್ರಗಳು. ಟೀವಿಯಲ್ಲೂ ಅವರೇ. ನನಗೆ ತಿಳಿದ ಯಾವ ರೋಗಿಯೂ ಆ ಚಿತ್ರಗಳಲ್ಲಿರಲಿಲ್ಲ. ಅವನ್ನೆಲ್ಲ ಕಸಕ್ಕೆ ಹಾಕಿ, ಸರ್ಕಾರ ಪ್ರತಿವರ್ಷ ಅಚ್ಚು ಹಾಕಿಸಿ ಕಳುಹಿಸುವ ಕೈಪಿಡಿಯನ್ನು ಹಿಡಿದು ಕುಳಿತೆ. ಅದು ದಪ್ಪನೆಯ ಪುಸ್ತಕ, ನೀರಸವಾದದ್ದು, ಆದರೆ ಏನನ್ನೂ ಮಾರದ ಪುಸ್ತಕ.

ಅದರಿಂದ ತಿಳಿದದ್ದು ಇಷ್ಟು. ದಾರಿಗಳು ಎರಡು. ಮೊದಲನೆಯದು ಸರ್ಕಾರವೇ ನಡೆಸುವ ಮೂಲ ಮೆಡಿಕೇರ್. ಡಾಕ್ಟರ ಖರ್ಚಿನಲ್ಲಿ ಐದು ಪಾಲಿಗೆ ನಾಲ್ಕು ಪಾಲನ್ನು ಅದು ಕೊಡುತ್ತದೆ; ಉಳಿದ ಒಂದು ಪಾಲು ನಮ್ಮದು, ಅದಕ್ಕೆ ಮೇಲ್ಮಿತಿಯೆಂಬುದೇ ಇಲ್ಲ. ಆ ಪಾಲಿನ ಭಾರ ಹೊರಲೆಂದು ಖಾಸಗಿ ಕಂಪನಿಗಳು ಪೂರಕ ಪಾಲಿಸಿಗಳನ್ನು ಮಾರುತ್ತವೆ. ಔಷಧಿಗೆ ಬೇರೆಯೇ ಒಂದು ಪಾಲಿಸಿ. ಇವಕ್ಕೆಲ್ಲ ತಿಂಗಳು ತಿಂಗಳು ಹಣ ಕಟ್ಟಬೇಕು, ಆದರೆ ಮೆಡಿಕೇರ್ ಒಪ್ಪುವ ಯಾವ ಊರಿನ ಯಾವ ಡಾಕ್ಟರ ಬಳಿಗಾದರೂ ಹೋಗಬಹುದು. ಎರಡನೆಯ ದಾರಿ, ಎಲ್ಲವನ್ನೂ ಒಂದು ಖಾಸಗಿ ಕಂಪನಿಯ ಕೈಗೆ ಒಪ್ಪಿಸಿಬಿಡುವುದು. ಸರ್ಕಾರಕ್ಕೆ ಕಟ್ಟುವ ಮಾಸಿಕ ಕಂತಿನ ಮೇಲೆ ಹೆಚ್ಚಿಗೆ ಏನನ್ನೂ ಕೇಳದ ಯೋಜನೆಗಳೇ ಇದರಲ್ಲಿ ಬಹಳ. ಹಲ್ಲು, ಕನ್ನಡಕ, ಜಿಮ್ ಕೂಡ ಅದರಲ್ಲೇ ಬರುತ್ತವೆ. ಪ್ರತಿಯಾಗಿ, ಅವರ ಪಟ್ಟಿಯಲ್ಲಿರುವ ಡಾಕ್ಟರು, ಅವರು ಗೊತ್ತುಮಾಡಿದ ಜಿಲ್ಲೆಗಳು, ದೊಡ್ಡ ಚಿಕಿತ್ಸೆಗೆ ಅವರ ಅನುಮತಿ.

ನಾನು ಮಾಡಿದ ವಿಚಾರಣೆಯನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾದೀತು. ಪೂರಕ ಪಾಲಿಸಿಗಳಿಗೆ ಅಕ್ಷರಗಳ ಹೆಸರುಗಳಿವೆ. ಒಂದೇ ಅಕ್ಷರದ ಪಾಲಿಸಿ ಯಾವ ಕಂಪನಿಯದಾದರೂ ಕೊಡುವ ಸೌಲಭ್ಯ ಒಂದೇ. ಆದ್ದರಿಂದ ಅಲ್ಲಿ ಕೇಳಬೇಕಾದದ್ದು ಈಗಿನ ಬೆಲೆ, ಮತ್ತು ಹಿಂದಿನ ವರ್ಷಗಳಲ್ಲಿ ಅದನ್ನು ಎಷ್ಟು ಏರಿಸಿದರು ಎಂಬುದು. ಯಾವ ಡಾಕ್ಟರು ಪಟ್ಟಿಯಲ್ಲಿದ್ದಾರೆ ಎಂದು ಕಂಪನಿಯನ್ನು ಕೇಳಿ ಸುಮ್ಮನಾಗಬಾರದು. ಡಾಕ್ಟರ ಕಚೇರಿಯಲ್ಲಿ ಬಿಲ್ಲು ಬರೆಯುವವರಿಗೇ ಫೋನ್ ಮಾಡಿ ಕೇಳಬೇಕು. ಔಷಧಿಯ ಪಾಲಿಸಿಯನ್ನು ಪ್ರತಿ ವರ್ಷ ಶರತ್ಕಾಲದಲ್ಲಿ ನಮ್ಮ ಮಾತ್ರೆಗಳನ್ನು ಮುಂದಿಟ್ಟುಕೊಂಡು ಮತ್ತೆ ನೋಡಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಮೆಡಿಕೇರ್‌ನ ಡಾಕ್ಟರ ಭಾಗ ಆರಂಭವಾದ ಮೇಲೆ ಮೊದಲ ಆರು ತಿಂಗಳು ಯಾವ ಪೂರಕ ಕಂಪನಿಯೂ ನಮ್ಮ ಆರೋಗ್ಯದ ಪ್ರಶ್ನೆ ಎತ್ತುವಂತಿಲ್ಲ. ಆಮೇಲೆ ಟೆಕ್ಸಸ್‌ನಲ್ಲಿ ಕೇಳಬಹುದು. ಕೇಳಿ, ಬೇಡವೆನ್ನಬಹುದು.

ಇದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಮುಂದ ಜಡ್ಡ ಬಂದ್ರ ಈ ಬಾಗಿಲಾ ಮುಚ್ಚತೈತಿ. ಈಗ ಒಳಗ ಹೋಗಿಬಿಡೂಣು, ಇಬ್ಬರೂ."

"ನಿಮಗ ತಿಳಿದಂಗ ಮಾಡ್ರಿ. ನೀವ್ ಓದೀರಿ ಅಂದ್ರ ಸಾಕು. ಈ ಹಂಚ ನೋಡ್ರಿ, ಹೊಗಿ ಬರಾಕತ್ತೈತಿ."

ಹಾಗೆ ಒಪ್ಪಿಕೊಂಡವಳು ಮುಂದಿನ ವಾರ ಹ್ಯೂಸ್ಟನ್‌ನಲ್ಲಿ ಬೇರೆಯದನ್ನು ಕೊಂಡಳು.

ನಮಗೆ ಒಬ್ಬಳೇ ಮಗಳು. ಅವಳನ್ನು ಮೈಸೂರಿನ ಕಡೆಯವರಿಗೆ ಕೊಟ್ಟಿದ್ದೇವೆ. ಅಳಿಯ ಹ್ಯೂಸ್ಟನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಅವನ ತಂದೆತಾಯಿ ಅವನ ಜೊತೆಯಲ್ಲೇ ಇದ್ದಾರೆ. ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆ ನಾವು ಕ್ಯಾರಲ್ಟನ್‌ನಿಂದ ಹೋದೆವು. ಹಿಂದಿನ ದಿನ ಅಲ್ಲಿನ ಭಾರತೀಯರ ಪೇಟೆಯಾದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನ ಅಂಗಡಿಗಳನ್ನೆಲ್ಲ ಸುತ್ತಿ ಬೀಗಿತ್ತಿಗೆ ಸೀರೆ, ಕೂಸಿಗೆ ಬೆಳ್ಳಿಯ ಬಟ್ಟಲು ಕೊಂಡೆವು. ಮರುದಿನ ಊಟ ಮುಗಿದು, ನೆಂಟರು ಕಾಲು ಚಾಚಿ ಕುಳಿತಿದ್ದಾಗ, ನನ್ನ ಬೀಗರು, ಎಂದರೆ ಅಳಿಯನ ತಂದೆ, ಒಬ್ಬ ತರುಣನನ್ನು ಕರೆತಂದು ನಮ್ಮೆದುರು ಕೂರಿಸಿದರು. ಅವರ ತಂಗಿಯ ಮಗ. ಆಸ್ಟಿನ್‌ನಲ್ಲಿದ್ದ ಕೆಲಸ ಹೋಗಿ, ಲೈಸೆನ್ಸು ಪಡೆದು, ವಿಮೆಯ ಏಜೆಂಟನಾಗಿದ್ದ.

"ಬೀಗರೇ, ನಿಮಗೆ ಓಡಾಟ ತಪ್ಪಿಸೋಣ ಅಂತ ಇವನನ್ನ ಆಸ್ಟಿನ್‌ನಿಂದ ಕರೆಸಿದೀನಿ," ಎಂದರು. "ನಮ್ಮವರೆಲ್ಲ ಇವನ ಹತ್ರಾನೇ ಮಾಡ್ಸಿರೋದು. ತಿಂಗಳ ಕಂತಿಲ್ಲ, ಏನಿಲ್ಲ. ನಾವಿಬ್ಬರೂ ಇದರಲ್ಲೇ ಇದೀವಿ."

"ಸಂತೋಷ. ಅದರಾಗ ಇದ್ದವರಿಗೆ ಯಾರಿಗರೆ ದೊಡ್ಡ ಜಡ್ಡ ಬಂದೈತೇನ್ರಿ?"

"ಅಯ್ಯೋ, ಶುಭಕಾರ್ಯದ ಮನೇಲಿ ಇದೆಂಥ ಮಾತು ಬೀಗರೇ. ಎಲ್ಲರೂ ಗುಂಡುಕಲ್ಲಿನ ಹಾಗಿದಾರೆ."

"ಹಂಗಾದ್ರ ಅವರಿಗೆ ವಿಮಾ ಹ್ಯಾಂಗೈತಿ ಅನ್ನೂದು ಇನ್ನೂ ಗೊತ್ತಾಗಿಲ್ಲ. ಜಡ್ಡಾದವರೊಬ್ಬರನ್ನ ತೋರಸ್ರಿ, ಅವರನ್ನ ಕೇಳ್ತೀನಿ."

ಬೀಗರು ನಕ್ಕರು, ಪಕ್ಕದಲ್ಲಿದ್ದವರತ್ತ ತಿರುಗಿ "ನಮ್ಮ ಬೀಗರು ದೇವರ ಪ್ರಸಾದಕ್ಕೂ ಕೈಪಿಡಿ ಕೇಳೋರು" ಎಂದರು. ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ. ಮಾತು ಮುರಿಯಬೇಡಿ ಎಂಬಂತೆ ನನ್ನನ್ನು ನೋಡಿದಳು.

ಹುಡುಗ ಒಳ್ಳೆಯವನು. ನಿಯಮದಂತೆ ಎರಡು ದಿನ ಮೊದಲೇ ಆಂಟಿಯ ಒಪ್ಪಿಗೆ ಪಡೆದಿದ್ದೇನೆ ಎಂದ. ಬೀಗರು ಅವಳಿಗೆ ಫೋನ್ ಮಾಡಿದ್ದರೆಂಬುದು ನನಗೆ ಆಗಲೇ ತಿಳಿದದ್ದು. ಡಾಲಸ್ ಸುತ್ತಲಿನ ಅವಳ ಡಾಕ್ಟರ ಹೆಸರುಗಳನ್ನು ಒಂದೊಂದಾಗಿ ಹುಡುಕಿ, ಎಲ್ಲರೂ ಇದ್ದಾರೆಂದು ತೋರಿಸಿದ. ಅದು ನಿಜವೇ ಆಗಿತ್ತು. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು.

"ಮಗಳ ಕಡೆ ಇಲ್ಲಿಗೆ ಬಂದಾಗ ನನಗೇನರೆ ಆದ್ರ?"

"ಎಮರ್ಜೆನ್ಸಿ ಆದ್ರೆ ಎಲ್ಲಿ ಬೇಕಾದ್ರೂ ಕವರ್ ಆಗುತ್ತೆ ಆಂಟಿ. ಇಡೀ ದೇಶದಲ್ಲಿ."

ಅದೂ ನಿಜ. ಆದರೆ ಮನುಷ್ಯನನ್ನು ಕೊಲ್ಲುವ ಕಾಯಿಲೆಗಳಲ್ಲಿ ಹಲವು ತುರ್ತಿನವಲ್ಲ, ಅವು ವ್ಯವಧಾನದಿಂದ ಬರುತ್ತವೆ. ಅಂಥ ಕಾಯಿಲೆಗೆ ಪಟ್ಟಿಯ ಹೊರಗಿನ ಆಸ್ಪತ್ರೆ ಬೇಕಾದರೆ ಏನು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಾನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಬೀಗಿತ್ತಿ ಎಲೆ ಅಡಿಕೆಯ ತಟ್ಟೆಯೊಡನೆ ಬಂದರು. ಹೆಂಡತಿ ಕುಂಕುಮವಿಟ್ಟುಕೊಂಡು, ಉಡಿ ತುಂಬಿಸಿಕೊಂಡು, ಆ ಹುಡುಗನ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಹಾಕಿದಳು. ನಾನು ಹಾಕಲಿಲ್ಲ. ನನ್ನದು ಆಗಿಹೋಗಿದೆ ಎಂದೆ, ಅರ್ಜಿ ಕಳಿಸಿಯಾಗಿತ್ತು.

ಮರಳುವಾಗ ಕಾರಿನಲ್ಲಿ ಜಗಳವಾಯಿತು.

"ಬೀಗರ ಮಾತ ತಗದಹಾಕಾಕ ಬರ್ತೈತೇನ್ರಿ? ನಮ್ಮ ಮಗಳು ಅವರ ಮನ್ಯಾಗ ಬಾಳಬೇಕು. ನೀವಂತೂ ಎಲ್ಲಾರ ಮುಂದ ಅವರ ಮಾರಿ ಸಣ್ಣ ಮಾಡಿದ್ರಿ. ಇಬ್ಬರೊಳಗ ಒಬ್ಬರರೆ ಅವರ ಮಾತ ಇಡಬೇಕಿತ್ತಲ್ಲ."

"ಮಾತ ಇಡಾಕ ಸೀರಿ ಕೊಟ್ಟೀವಲ್ಲ. ವಿಮಾನೂ ಉಡಿ ತುಂಬೂ ಸಾಮಾನೇನು?"

"ನಿಮ್ಮ ಕೈಪಿಡಿಯೊಳಗ ಬೀಗರ ಪುಟ ಇಲ್ಲ ತಗೀರಿ."

ಮನೆಗೆ ಬಂದ ಮೇಲೂ ಹೇಳಿದೆ. ಆರು ತಿಂಗಳ ಅವಧಿ ಇನ್ನೂ ಇದೆ. ಮೊದಲ ವರ್ಷದೊಳಗೆ ಮನಸ್ಸು ಬದಲಾಯಿಸಿದರೂ ಹಿಂದಿರುಗುವ ಹಕ್ಕು ಇದೆ ಎಂದು ಪುಟ ತೆರೆದು ತೋರಿಸಿದೆ. ಬಿಟ್ಟರೆ ಆ ಹುಡುಗನ ಕಮಿಷನ್ ಕೈತಪ್ಪುತ್ತದೆ, ಬೀಗರಿಗೆ ಸುದ್ದಿ ಮುಟ್ಟುತ್ತದೆ ಎಂದು ಅವಳು ಒಪ್ಪಲಿಲ್ಲ. ಸಹಿ ಅವಳದು. ನನ್ನ ಸಹಿಯಿಂದ ಅವಳನ್ನು ಬಿಡಿಸುವ ಅವಕಾಶ ಯಾವ ಪುಟದಲ್ಲೂ ಇರಲಿಲ್ಲ.

ಮೊದಲ ವರ್ಷ ಅವಳದೇ ಗೆಲುವು. ಹಲ್ಲಿಗೆ ಕವಚ ಹಾಕಿಸಿಕೊಂಡಳು, ಹೊಸ ಕನ್ನಡಕ ಬಂತು, ವಾರಕ್ಕೆರಡು ಸಲ ಜಿಮ್ಮಿನಲ್ಲಿ ಕೊರಿಯಾದ ಅಜ್ಜಿಯರ ಜೊತೆ ಕುರ್ಚಿಯ ಮೇಲೆ ಕುಳಿತು ಕೈಕಾಲು ಆಡಿಸಿ ಬರುತ್ತಿದ್ದಳು. ನಾನು ತಿಂಗಳ ಕಂತು ಕಟ್ಟುವಾಗಲೆಲ್ಲ "ಕಟ್ರಿ ಕಟ್ರಿ, ಗುಂಡುಕಲ್ಲಿಗೆ ಪೂಜಿ ಮಾಡ್ರಿ" ಎನ್ನುತ್ತಿದ್ದಳು. ಅವಳ ಯೋಜನೆ ಕೆಟ್ಟದೆಂದು ನಾನು ಈಗಲೂ ಹೇಳುವುದಿಲ್ಲ. ಅದರಲ್ಲಿ ಸುಖವಾಗಿರುವವರನ್ನು ಬಲ್ಲೆ. ಒಂದೇ ಜಿಲ್ಲೆಯಲ್ಲಿದ್ದು, ಆ ಪಟ್ಟಿಯ ಡಾಕ್ಟರಿಗೆ ತಿಳಿಯುವ ಕಾಯಿಲೆಯಷ್ಟೇ ಬಂದರೆ ಅದು ಸಾಕು. ಯಾವ ಕಾಯಿಲೆ ಬಂದೀತು ಎಂಬುದನ್ನು ಮೊದಲೇ ಆರಿಸಿಕೊಳ್ಳಬೇಕು, ಅಷ್ಟೆ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಅವಳಿಗೆ ಊಟ ಸೇರದಾಯಿತು. ಎರಡು ತುತ್ತಿಗೆ ಹೊಟ್ಟೆ ತುಂಬಿತೆನ್ನುತ್ತಿದ್ದಳು. ಸೀರೆಯ ನಿರಿಗೆ ನಿಲ್ಲುವುದಿಲ್ಲವೆಂದು ಕನ್ನಡಿಯ ಮುಂದೆ ನಿಂತು ಗೊಣಗಿದ ದಿನ, ಹೊಟ್ಟೆಯ ಎಡಭಾಗ ಉಬ್ಬಿರುವುದನ್ನು ನಾನೇ ಕಂಡೆ. ಸ್ಕ್ಯಾನ್ ಆಯಿತು. ಹೊಟ್ಟೆಯ ಹಿಂಭಾಗದಲ್ಲಿ, ಮೂತ್ರಪಿಂಡವನ್ನು ಒತ್ತಿಕೊಂಡು, ಅಪರೂಪದ ಜಾತಿಯ ಒಂದು ಗಡ್ಡೆ ಬೆಳೆದಿತ್ತು. ಪಟ್ಟಿಯಲ್ಲಿದ್ದ ಡಾಲಸ್‌ನ ಶಸ್ತ್ರವೈದ್ಯ ಪ್ರಾಮಾಣಿಕ ಮನುಷ್ಯ. ಇಂಥದ್ದನ್ನು ತಾನು ಕೈಬೆರಳೆಣಿಕೆಯಷ್ಟು ಮಾತ್ರ ಮಾಡಿರುವುದಾಗಿಯೂ, ಹ್ಯೂಸ್ಟನ್‌ನ ಒಂದು ಆಸ್ಪತ್ರೆಯಲ್ಲಿ ಇದನ್ನೇ ಮಾಡುವ ತಂಡವಿದೆಯೆಂದೂ ಹೇಳಿದ. ಬಾಗಿಲವರೆಗೆ ಬಂದು, ನನ್ನ ತಾಯಿಯಾಗಿದ್ದರೆ ಅಲ್ಲಿಗೇ ಕರೆದೊಯ್ಯುತ್ತಿದ್ದೆ ಎಂದ.

ಹ್ಯೂಸ್ಟನ್ ಅವಳ ಯೋಜನೆಯ ಜಿಲ್ಲೆಗಳಲ್ಲಿರಲಿಲ್ಲ. ಆ ಆಸ್ಪತ್ರೆ ಪಟ್ಟಿಯಲ್ಲಿರಲಿಲ್ಲ. ಡಾಕ್ಟರೇ ಅನುಮತಿಗೆ ಬರೆದರು. ಪಟ್ಟಿಯೊಳಗೆ ಈ ಶಸ್ತ್ರಚಿಕಿತ್ಸೆಗೆ ಅರ್ಹರಾದ ವೈದ್ಯರಿದ್ದಾರೆ, ಹೊರಗೆ ಕಳಿಸುವ ಅಗತ್ಯವಿಲ್ಲ ಎಂಬ ಉತ್ತರ ಬಂತು. ಅರ್ಹರೆಂದು ಅವರು ಕರೆದ ವೈದ್ಯ, ಬಾಗಿಲವರೆಗೆ ಬಂದು ಹ್ಯೂಸ್ಟನ್ನಿಗೆ ಹೋಗಿ ಎಂದವನೇ. ಮೇಲ್ಮನವಿ ಹಾಕಿದೆ. ಕಂಪನಿ ಮತ್ತೆ ಇಲ್ಲವೆಂದಿತು. ಅದನ್ನು ಪರಿಶೀಲಿಸುವ ಹೊರಗಿನವರೂ ಕಂಪನಿಯ ಮಾತನ್ನೇ ಎತ್ತಿಹಿಡಿದರು. ಇಷ್ಟಾಗುವಾಗ ಬೇಸಿಗೆ ಕಳೆದು ಸೆಪ್ಟೆಂಬರ್ ಬಂದಿತ್ತು. ಗಡ್ಡೆಗೆ ಮೇಲ್ಮನವಿಯ ಅವಧಿ ತಿಳಿದಿರಲಿಲ್ಲ.

ಅವಳನ್ನು ಮೂಲ ಮೆಡಿಕೇರ್‌ಗೆ ಮರಳಿಸಿದರೆ ಆ ಆಸ್ಪತ್ರೆ ಅವಳನ್ನು ತೆಗೆದುಕೊಳ್ಳುತ್ತಿತ್ತು. ಆದರೆ ಯೋಜನೆ ಬದಲಿಸುವ ಶರತ್ಕಾಲದ ಅವಧಿಯಲ್ಲಿ ಬದಲಿಸಿದರೆ ಜಾರಿಗೆ ಬರುವುದು ಜನವರಿಗೆ. ಅದೂ ಹೋಗಲಿ, ಪೂರಕ ಪಾಲಿಸಿ ಇಲ್ಲದೆ ಹೋದರೆ ಮೇಲ್ಮಿತಿಯಿಲ್ಲದ ಆ ಐದನೆಯ ಪಾಲು. ನಾನು ಕಂಪನಿಗಳಿಗೆ ಫೋನ್ ಮಾಡತೊಡಗಿದೆ. ಎಲ್ಲರೂ ನಯವಾಗಿ ಮಾತಾಡುತ್ತಿದ್ದರು. ಈಚೆಗೆ ಕ್ಯಾನ್ಸರ್ ಎಂದು ಯಾರಾದರೂ ಹೇಳಿದ್ದಾರೆಯೇ ಎಂಬ ಪ್ರಶ್ನೆಗೆ ಹೌದೆಂದ ಮೇಲೆ ಇನ್ನೂ ನಯವಾಗಿ ಮಾತಾಡಿ ಫೋನ್ ಇಡುತ್ತಿದ್ದರು.

ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಆ ಹುಡುಗನನ್ನು ಕಂಡೆ. ಅವನ ಅಪಾರ್ಟ್‌ಮೆಂಟಿನ ಅಡುಗೆಮನೆಯೇ ಅವನ ಆಫೀಸು. ನನ್ನೆದುರಿಗೇ ಲ್ಯಾಪ್‌ಟಾಪ್ ತೆರೆದು, ತಾನು ಮಾರುವ ಕಂಪನಿಗಳ ನಿಯಮಗಳನ್ನೆಲ್ಲ ನೋಡಿದ. ಕೊನೆಗೆ ಅದನ್ನು ಮುಚ್ಚಿದ.

"ಅಂಕಲ್, ನಾನು ಆಂಟಿಗೆ ಸುಳ್ಳು ಹೇಳಲಿಲ್ಲ."

"ಹೇಳಿಲ್ಲಪಾ. ನಾ ಹಂಗ ಅಂದೂ ಇಲ್ಲ."

"ಇಲ್ಲಿ ಎಲ್ಲರೂ ಅಂತಿದಾರೆ. ಮಾವನೂ ಫೋನಲ್ಲಿ ಬೈದ್ರು." "ನಮ್ಮಮ್ಮಂಗೂ ಇದೇ ಮಾಡ್ಸಿದೀನಿ ಅಂಕಲ್" ಎಂದ.

ಏಜೆಂಟ್ ಮೋಸ ಮಾಡಿದ ಎಂಬುದು ನಮ್ಮ ನೆಂಟರಲ್ಲಿ ಇಂದಿಗೂ ನಡೆಯುತ್ತಿರುವ ಕಥೆ. ಹೇಳುವವರಿಗೆ ಅದು ಅನುಕೂಲ. ಮೋಸವಾದರೆ ಮೋಸಗಾರನನ್ನು ದೂರವಿಟ್ಟರೆ ಸಾಕು, ತಾವು ಬದಲಾಗಬೇಕಿಲ್ಲ. ತನ್ನ ತಾಯಿಯನ್ನೂ ಅದೇ ದೋಣಿಯಲ್ಲಿ ಕೂರಿಸಿದವನನ್ನು ಮೋಸಗಾರನೆಂದು ನಾನು ಕರೆಯಲಾರೆ. ಅವನು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರಿಸಿದ. ಕೇಳುವುದು ಅಗೌರವವೆನ್ನುವ ಮನೆಯಲ್ಲಿ ಉತ್ತರಿಸಿದ.

ಮನೆಗೆ ಬಂದು ಕೈಪಿಡಿಯನ್ನೂ, ಪೂರಕ ಪಾಲಿಸಿಗಳ ಬಗ್ಗೆ ಸರ್ಕಾರವೇ ಹೊರಡಿಸುವ ಇನ್ನೊಂದು ಪುಸ್ತಕವನ್ನೂ ಮೊದಲಿನಿಂದ ಓದಿದೆ. ಆರೋಗ್ಯದ ಪ್ರಶ್ನೆ ಕೇಳದೆ ಪಾಲಿಸಿ ಕೊಡಲೇಬೇಕಾದ ಸಂದರ್ಭಗಳು ಅದರಲ್ಲಿ ಅಚ್ಚಾಗಿದ್ದವು. ಎಲ್ಲರಿಗೂ ಸಿಗುವ ಪುಸ್ತಕ, ಗುಟ್ಟೇನಲ್ಲ. ಯೋಜನೆಯ ಜಿಲ್ಲೆಗಳನ್ನು ಬಿಟ್ಟು ಬೇರೆಡೆಗೆ ವಾಸ ಬದಲಿಸಿದವರು, ಮೂಲ ಮೆಡಿಕೇರ್‌ಗೆ ಮರಳಿ, ಎರಡು ತಿಂಗಳ ಆಸುಪಾಸಿನಲ್ಲಿ ಪೂರಕ ಪಾಲಿಸಿ ಕೊಳ್ಳಬಹುದು ಎಂದಿತ್ತು. ಅದನ್ನೂ ನಾನು ನಂಬಲಿಲ್ಲ. ಟೆಕ್ಸಸ್‌ನಲ್ಲಿ ಹಿರಿಯರಿಗೆ ಪುಕ್ಕಟೆ ಸಲಹೆ ಕೊಡುವ, ಏನನ್ನೂ ಮಾರದ ಕಚೇರಿಯೊಂದಿದೆ. ಅಲ್ಲಿಗೆ ಹೋಗಿ ಆ ಸಾಲನ್ನು ತೋರಿಸಿದೆ. ಅಲ್ಲಿದ್ದ ಹೆಂಗಸು ತನ್ನ ಮೇಲಧಿಕಾರಿಯನ್ನು ಕೇಳಿ ಬಂದು, ಸರಿಯಾಗಿದೆ ಎಂದಳು.

"ಆದರೆ ನಿಜವಾಗಿಯೂ ಹೋಗಬೇಕು. ವಿಳಾಸ ಮಾತ್ರ ಬದಲಿಸಿ ಇಲ್ಲೇ ಕುಳಿತರೆ ಅದು ಸುಳ್ಳಾಗುತ್ತದೆ. ಅಲ್ಲಿ ನಿಮಗೆ ಇರಲು ಜಾಗವಿದೆಯೇ?"

ಇದೆ ಎಂದೆ. ಮಗಳ ಮನೆ. ಹಾಗೆನ್ನುವಾಗಲೇ ನನಗೆ ಹೆಂಡತಿಯ ಉತ್ತರ ಕೇಳಿಸಿತ್ತು.

"ಬೀಗರ ಮನ್ಯಾಗ ಹೋಗಿ ಜಡ್ಡಬೀಳ್ಲೇನು?" ಎಂದಳು. "ಎರಡ ದಿನ ಇದ್ದು ಉಡಿ ತುಂಬಿಸ್ಕೊಂಡು ಬರೂ ಮನಿ ಅದು. ಅಲ್ಲಿ ನಾ ವಾಂತಿ ಮಾಡ್ಕೊಂತ ಮಲಗಲೇನು? ಅವರ ಕಡಿಂದ ಬಚ್ಚಲಾ ತೊಳಸ್ಲೇನು? ಬ್ಯಾಡ. ಇಲ್ಲಿ ಡಾಕ್ಟರ್ ಕೊಯ್ಯಲಿ. ಆದದ್ದಾಗಲಿ."

"ಬೇರೆ ಮನಿ ಬಾಡಿಗಿಗೆ ಹಿಡೀತೀನಿ."

"ಮಗಳ ಊರಾಗ ಬೀಗರನ್ನ ಬಿಟ್ಟು ಬಾಡಿಗಿ ಮನಿ? ಅದಂತೂ ಇನ್ನೂ ಛಂದಾತು. ಜನಾ ಏನಂದಾರು?"

ಜನ ಏನೆಂದಾರು ಎಂಬುದನ್ನು ನಾನು ಜೀವಮಾನವಿಡೀ ಲೆಕ್ಕಕ್ಕೆ ತಂದುಕೊಂಡವನಲ್ಲ. ಅವಳು ಅದನ್ನೇ ಲೆಕ್ಕಕ್ಕೆ ತಂದುಕೊಂಡು ನನ್ನಂಥವನ ಸಂಸಾರವನ್ನು ನಾಲ್ಕು ಜನರ ನಡುವೆ ಉಳಿಸಿದವಳು. ಒಂದು ವಾರ ಹೀಗೇ ಹೋಯಿತು. ಮಗಳು ಫೋನ್ ಮಾಡಿ ಅಳುತ್ತಿದ್ದಳು. ಅವಳ ಅಳುವಿಗೂ ಇವಳು ಬಗ್ಗಲಿಲ್ಲ.

ಶನಿವಾರ ಬೀಗರು ಬಂದರು. ಮಗನ ಕೈಲಿ ಡ್ರೈವ್ ಮಾಡಿಸಿಕೊಂಡು ಹ್ಯೂಸ್ಟನ್‌ನಿಂದ ಬಂದಿದ್ದರು. ಫೋನಿಲ್ಲ, ಮುನ್ಸೂಚನೆಯಿಲ್ಲ. ಒಳಗೆ ಬಂದು ಸೋಫಾದ ತುದಿಯಲ್ಲಿ ಕುಳಿತು, ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡರು.

"ಬೀಗಿತ್ತಿಯವರೇ, ನನ್ನ ಮಾತಿಗೆ ಬೆಲೆ ಕೊಟ್ಟು ನೀವು ಸೈನ್ ಮಾಡಿದ್ರಿ. ಬೀಗರು ಅವತ್ತೇ ಬೇಡ ಅಂದಿದ್ರು. ನಾನು ನಗಾಡಿದೆ."

"ಬಿಡ್ರಿ, ಆಗಿದ್ದ ಆಗಿಹೋತು. ನಿಮ್ಮದೇನ್ ತಪ್ಪಿಲ್ಲ. ಚಾ ಕುಡೀತೀರೇನು?"

"ಚಾ ಆಮೇಲೆ. ಕೆಳಗಿನ ರೂಮ್ ಖಾಲಿ ಮಾಡಿ ಬಂದಿದೀನಿ. ನಾವಿಬ್ಬರೂ ಮೇಲಕ್ಕೆ ಶಿಫ್ಟ್ ಆದ್ವಿ ನೆನ್ನೆ."

ಇಲ್ಲಿಯ ಮನೆಗಳಲ್ಲಿ ಕೆಳಗಿನ ಮಲಗುವ ಕೋಣೆ ಸಾಮಾನ್ಯವಾಗಿ ಒಂದೇ, ಅದು ಮನೆಯ ಹಿರಿಯರದು. ಬೀಗರ ಎರಡೂ ಮೊಣಕಾಲು ಸವೆದಿವೆ. ಹೆಸರಿಡುವ ದಿನವೂ ಅವರು ಮೆಟ್ಟಿಲು ಹತ್ತಿ ಮೇಲಕ್ಕೆ ಬಂದಿರಲಿಲ್ಲ.

"ಮ್ಯಾಲೆ ಹ್ಯಾಂಗ ಹತ್ತತೀರಿ ನೀವು?" ಎಂದು ಹೆಂಡತಿ ಕೇಳಿದಳು.

"ಕೂತ್ಕೊಂಡು. ಒಂದೊಂದೇ ಮೆಟ್ಟಿಲು, ಹಿಂದಕ್ಕೆ. ನಮ್ಮ ಮೊಮ್ಮಗ ಹತ್ತೋದೂ ಹಾಗೇನೇ, ಇಬ್ಬರದೂ ಈಗ ರೇಸು." ಅವರು ನಗಲು ನೋಡಿದರು. "ಇನ್ನೊಂದು ಸಲ ನನ್ನ ಮಾತು ಕೇಳಿ ಬೀಗಿತ್ತಿಯವರೇ. ಹೋದ ಸಲದ್ದು ತಪ್ಪು ಮಾತು, ಕೇಳಿಬಿಟ್ರಿ. ಈ ಸಲದ್ದು ಸರಿಯಾಗಿದೆ."

ಅವಳು ತಲೆ ತಗ್ಗಿಸಿ ಕುಳಿತಳು. ಬೀಗರ ಮಾತು ತೆಗೆದುಹಾಕುವುದು ಆಗಲೂ ಅವಳಿಂದಾಗಲಿಲ್ಲ. ನನ್ನ ಪುಟಗಳು, ಮಗಳ ಅಳು, ಡಾಕ್ಟರ ಸಲಹೆ ಮಾಡಲಾಗದ್ದನ್ನು ಅದೇ ಮರ್ಯಾದೆ ಮಾಡಿಸಿತು.

ನಿಜವಾಗಿಯೇ ಹೋದೆವು. ಕ್ಯಾರಲ್ಟನ್ ಮನೆಯನ್ನು ವರ್ಷದ ಕರಾರಿನ ಮೇಲೆ ರಿಚರ್ಡ್‌ಸನ್‌ನಲ್ಲಿ ಕೆಲಸ ಮಾಡುವ ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟೆವು. ಡ್ರೈವಿಂಗ್ ಲೈಸೆನ್ಸು, ಮತದಾರರ ಪಟ್ಟಿ, ಬ್ಯಾಂಕು, ಎಲ್ಲದರಲ್ಲೂ ವಿಳಾಸ ಬದಲಾಯಿತು. ಅವಳ ಹಳೆಯ ಯೋಜನೆ ಆ ತಿಂಗಳ ಕೊನೆಗೆ ಮುಗಿದು, ಮರುದಿನದಿಂದ ಮೂಲ ಮೆಡಿಕೇರ್ ಶುರುವಾಯಿತು. ಪೂರಕ ಪಾಲಿಸಿಯನ್ನು, ನನ್ನದೇ ಅಕ್ಷರದ್ದನ್ನು, ಪ್ರಶ್ನೆ ಕೇಳದೆ ಕೊಟ್ಟರು. ಔಷಧಿಯ ಪಾಲಿಸಿ ಬೇರೆ ಆಯಿತು. ಇಬ್ಬರ ಕಾರ್ಡುಗಳೂ ಈಗ ಒಂದೇ ಬಗೆಯವು.

ಕೆಳಗಿನ ಕೋಣೆಯಲ್ಲಿ ಹೆಂಡತಿ ಬೀಗಿತ್ತಿಯ ಹಾಸಿಗೆಯ ಮೇಲೆ, ಗೋಡೆಯ ಕಡೆ ಸರಿದು, ಸ್ವಲ್ಪವೇ ಜಾಗದಲ್ಲಿ ಮಲಗುತ್ತಿದ್ದಳು. ಮೇಲೆ ಬೀಗರ ಹೆಜ್ಜೆ ಕೇಳಿಸಿದಾಗಲೆಲ್ಲ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬೀಗಿತ್ತಿ ಬಚ್ಚಲು ತೊಳೆದರು. ತೊಳೆಯುವುದು ಕಾಣದಂತೆ ಬಾಗಿಲು ಮುಂದಕ್ಕೆಳೆದುಕೊಂಡು ತೊಳೆದರು.

ಆಸ್ಪತ್ರೆಯಲ್ಲಿ ಮೊದಲ ದಿನ, ಕೌಂಟರಿನ ಹುಡುಗಿ ಅವಳ ಎರಡೂ ಕಾರ್ಡುಗಳನ್ನು ತೆಗೆದುಕೊಂಡು, ಪರದೆಯನ್ನು ನೋಡಿ, ಕುಳಿತುಕೊಳ್ಳಿ ಎಂದಳು. ಅಷ್ಟೇ. ಇಷ್ಟು ತಿಂಗಳು ಬೇಡಿದ್ದು ಆ ಒಂದು ಪದವನ್ನು. ಮತ್ತೆ ಸ್ಕ್ಯಾನ್ ಆಯಿತು. ವಾರ ಕಳೆದು ಡಾಕ್ಟರು ಇಬ್ಬರನ್ನೂ ಒಳಗೆ ಕೂರಿಸಿಕೊಂಡರು. ಗಡ್ಡೆ ಈಗ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಯಕೃತ್ತಿನಲ್ಲೂ ಚುಕ್ಕೆಗಳಿವೆ, ಕೊಯ್ದು ತೆಗೆಯುವ ಕಾಲ ಮುಗಿದಿದೆ ಎಂದರು. ಬೆಳವಣಿಗೆಯನ್ನು ನಿಧಾನಗೊಳಿಸುವ ಔಷಧಿ ಕೊಡಬಹುದು ಎಂದರು.

ಬೇಸಿಗೆಯಲ್ಲೇ ಬಂದಿದ್ದರೆ ಎಂದು ಕೇಳಿದೆ. ಅವರು ಬೇಸಿಗೆಯ ಚಿತ್ರಗಳನ್ನು ಮತ್ತೊಮ್ಮೆ ನೋಡಿ, ಶಸ್ತ್ರಚಿಕಿತ್ಸೆಗೆ ಪ್ರಯತ್ನಿಸುತ್ತಿದ್ದೆವು, ಅದರಿಂದ ಏನಾಗುತ್ತಿತ್ತೆಂದು ಹೇಳಲಾರೆ ಎಂದರು. ಕಂಪನಿ ಅವಳನ್ನು ಕೊಂದಿತು ಎಂದು ಅಳಿಯ ಹೇಳುತ್ತಾನೆ. ಹಣೆಬರಹ ಎಂದು ಬೀಗಿತ್ತಿ ಹೇಳುತ್ತಾರೆ. ಎರಡಕ್ಕೂ ಆಧಾರವಾಗುವ ಪುಟ ನನ್ನಲ್ಲಿಲ್ಲ. ಡಾಕ್ಟರು ಹೇಳಿದ್ದನ್ನು ಹೇಳಿದಷ್ಟೇ ಇಟ್ಟುಕೊಂಡಿದ್ದೇನೆ.

ಹೆಂಡತಿ ಡಾಕ್ಟರಿಗೆ ಕೈಮುಗಿದು ಎದ್ದಳು. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳಲು ಹೋದಳು. ಹೊಟ್ಟೆಗೆ ಒತ್ತಿ ನೋವಾಗಿ ಬಿಟ್ಟಳು. ನಾನು ಅದನ್ನು ಸಡಿಲ ಮಾಡಿ ಹಾಕಿದೆ.

"ಮನಿಗೆ ಹೋಗೂಣ್ರಿ," ಎಂದಳು.

"ಅಲ್ಲಿ ಬಾಡಿಗಿಯವರದಾರ. ವರ್ಷದ ಮಟಾ ಬಿಡಂಗಿಲ್ಲ," ಎಂದೆ. "ಮಾತಾಡಿ ನೋಡ್ತೀನಿ ಬೇಕಾದ್ರ."

ಅವಳು ನನ್ನತ್ತ ತಿರುಗಿ, ಇಷ್ಟು ವರ್ಷವಾದರೂ ನಿಮಗೆ ತಿಳಿಯಲಿಲ್ಲವೇ ಎಂಬಂತೆ ನೋಡಿದಳು.

"ಬೀಗರ ಮನಿಗೆ ಅಂದೆ. ನಾವ್ ಹೋಗೂ ಮಟಾ ಅವರು ಉಣ್ಣಂಗಿಲ್ಲ. ಹೊತ್ತಾತು, ನಡೀರಿ."